ಶನಿವಾರದ ಪೊಡಿಯಬ್ಬ

ಕಾವೂರು
9 ಡಿಸೆಂಬರ್ 2024

ಈಗ ‘ಕೊಡೆಯಡಿ’ ಕಾರ್ಟೂನ್ ಬಿಡಿಸುತ್ತಿರುವವರಿಗೆ,
‘ತೆಂಕಣ ವಾರ್ತೆ’ ಪತ್ರಿಕೆಯ ವಿಳಾಸಕ್ಕೆ

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಅದನ್ನು ಬಿಡಿಸುತ್ತಿದ್ದ ದುಗ್ಗಪ್ಪರು ತೀರಿಕೊಂಡ ಮೇಲೆ ‘ಕೊಡೆಯಡಿ ಮುಂದುವರಿಯುತ್ತದೆ’ ಎಂದು ಪೇಪರಿನಲ್ಲಿ ಎರಡು ಸಾಲು ಬಂತು, ಅಷ್ಟೆ. ಚಿತ್ರದ ಕೆಳಗೆ ಈಗಲೂ ‘ದುಗ್ಗ’ ಎಂದೇ ಸಹಿ ಇರುತ್ತದೆ. ತೀರಿಕೊಂಡವರು ಸಹಿ ಹಾಕುವುದಿಲ್ಲ ಎಂಬುದು ನನಗೆ ಗೊತ್ತುಂಟು.

ಮೂವತ್ತೊಂದು ವರ್ಷದಿಂದ ಆ ಚಿತ್ರದೊಳಗೆ ಹಂಪನಕಟ್ಟೆಯ ಬಸ್‌ಸ್ಟಾಪಿನಲ್ಲಿ ರಿಟೈರ್ಡ್ ಗುಮಾಸ್ತ ಸೀನಣ್ಣ ದಿನಾಲೂ ಬಸ್ಸಿಗೆ ಕಾಯುತ್ತಾನೆ. ಶನಿವಾರ ಮಾತ್ರ ಅವನ ಪಕ್ಕದಲ್ಲಿ ಕೊಡೆ ರಿಪೇರಿಯ ಪೊಡಿಯಬ್ಬ, ನಮ್ಮ ಬ್ಯಾರಿ ಮುಸಲ್ಮಾನ, ಬಂದು ಕೂರುತ್ತಾನೆ. ಸೀನಣ್ಣ ಏನೋ ಒಂದು ಕೇಳುತ್ತಾನೆ, ಪೊಡಿಯಬ್ಬ ಒಂದೇ ಮಾತು ಹೇಳುತ್ತಾನೆ. ಆ ಒಂದು ಮಾತಿಗೆ ಜನ ಶನಿವಾರದ ಪೇಪರ್ ತೆಗೆದುಕೊಳ್ಳುತ್ತಿದ್ದರು. ನಾನು ಹೆಚ್ಚು ಹೇಳುತ್ತಿಲ್ಲ, ಬೇಕಾದರೆ ಪೇಪರ್ ಮಾರುವವರನ್ನು ಕೇಳಿ.

ಒಂಬತ್ತು ಶನಿವಾರವಾಯಿತು, ಪೊಡಿಯಬ್ಬ ಬಾಯಿ ಬಿಟ್ಟಿಲ್ಲ. ಅವನನ್ನು ಬೆನ್ನು ತಿರುಗಿಸಿ ಕೂರಿಸಿದ್ದೀರಿ. ಟೊಪ್ಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಇದನ್ನು ಮಾಡಿ ಎಂದು ನಿಮಗೆ ಹೇಳಿದವರು ಯಾರು? ಸಂಪಾದಕರೋ, ಬೇರೆ ಯಾರೋ? ಈ ಊರಿನಲ್ಲಿ ಯಾರ ಬಾಯಿ ಯಾರು ಮುಚ್ಚಿಸುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ತೆಗೆಯುವುದಾದರೆ ತೆಗೆಯಿರಿ, ಹೀಗೆ ಮೂಕ ಮಾಡಿ ಕೂರಿಸಬೇಡಿ.

ಜಮಾಲುದ್ದೀನ್


ಮಣ್ಣಗುಡ್ಡ
18 ಡಿಸೆಂಬರ್ 2024

ಶ್ರೀ ಜಮಾಲುದ್ದೀನ್ ಅವರಿಗೆ,

ನಿಮ್ಮ ಪತ್ರವನ್ನು ಪೇಪರಿನವರು ಒಡೆದು ಓದಿ, ಒಂದು ಝೆರಾಕ್ಸ್ ಇಟ್ಟುಕೊಂಡು ನನಗೆ ಕಳಿಸಿದ್ದಾರೆ. ನೀವು ಬಯಸಿದ್ದು ಅದೇ ಆಗಿದ್ದರೆ ನಿಮ್ಮ ಕೆಲಸ ಆಯಿತು.

ನಾನು ಮೋಕ್ಷಾ, ದುಗ್ಗಪ್ಪರ ಮಗಳು. ಹತ್ತು ವರ್ಷ ಮದುವೆ ಕಾಗದಗಳನ್ನು ಡಿಸೈನ್ ಮಾಡಿದವಳು. ಅಪ್ಪನ ಕೈ ನಡುಗಲು ಸುರುವಾದ ಮೇಲೆ, ಎರಡು ವರ್ಷದಿಂದ ಅವರ ಪೆನ್ಸಿಲ್ ಗೆರೆಗಳ ಮೇಲೆ ಇಂಕ್ ಎಳೆಯುತ್ತಿದ್ದವಳೂ ನಾನೇ. ಮಾತುಗಳನ್ನು ಅವರೇ ಬರೆದು ಕೊಡುತ್ತಿದ್ದರು. ಸಹಿ ಅವರದ್ದೇ ಇರಲಿ ಎಂದದ್ದು ಪತ್ರಿಕೆ.

ನನಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಆಸ್ಪತ್ರೆಗೆ ಹೋಗುವ ಮೊದಲು ಅಪ್ಪ ಹದಿನಾರು ಶನಿವಾರಗಳ ಚಿತ್ರ ಮಾಡಿಟ್ಟಿದ್ದರು. ಹದಿನಾರರಲ್ಲೂ ಉಳಿದವರ ಮಾತು ಉಂಟು, ಪೊಡಿಯಬ್ಬನ ಮಾತಿನ ಬಲೂನ್ ಖಾಲಿ. ಮಾತು ಬರೆಯಲು ಮರೆಯುವ ಜನ ಅವರಲ್ಲ. ಪೊಡಿಯಬ್ಬ ಇನ್ನು ಮಾತಾಡುವುದು ಬೇಡ ಎಂದು ಅವರಿಗೇ ಕಂಡಿರಬೇಕು. ಅವರ ಇಚ್ಛೆ ಏನಿತ್ತೋ ಹಾಗೆ ಮಾಡಿದ್ದೇನೆ.

ನೀವು ಯಾರು ಎಂದು ಮಾತ್ರ ಪತ್ರದಲ್ಲಿ ಇಲ್ಲ. ಬರೀ ಓದುಗರು ಇಷ್ಟು ಸಿಟ್ಟು ಮಾಡಿಕೊಂಡು ಪೋಸ್ಟಿನಲ್ಲಿ ಕಾಗದ ಹಾಕುವುದಿಲ್ಲ, ಫೇಸ್‌ಬುಕ್ಕಿನಲ್ಲಿ ಬೈದು ಬಿಡುತ್ತಾರೆ. ನಿಮ್ಮ ಹಿಂದೆ ಯಾವ ಸಂಘ ಉಂಟು?

ಮೋಕ್ಷಾ


ಕಾವೂರು
24 ಡಿಸೆಂಬರ್ 2024

ಮೋಕ್ಷಾ ಅವರಿಗೆ,

ನನ್ನ ಹಿಂದೆ ಸಂಘ ಇಲ್ಲ. ಒಂದು ಮಾವಿನ ಮರ ಉಂಟು, ಅದೂ ಪಕ್ಕದ ಮನೆಯವರದ್ದು.

ನೀವು ನಿಜವಾಗಿಯೂ ದುಗ್ಗಪ್ಪರ ಮಗಳಾದರೆ ಇದನ್ನೆಲ್ಲ ನಿಮಗೆ ಹೇಳುವ ಅಗತ್ಯ ಬರಬಾರದಿತ್ತು. ಆದರೂ ಹೇಳುತ್ತೇನೆ. ತೊಂಬತ್ತಮೂರರಲ್ಲಿ ನನ್ನ ಕೊಡೆ ರಿಪೇರಿಯ ಜಾಗ ಹಂಪನಕಟ್ಟೆಯಲ್ಲಿತ್ತು. ನಿಮ್ಮ ತಂದೆ ಅಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಒಂದು ದಿನ ಒಂದು ಚಿತ್ರ ತೋರಿಸಿ, “ಈ ಕೊಡೆಯವನು ಇಲ್ಲಿ ಎಂತ ಹೇಳಬಹುದು ಮಾರಾಯ್ರೆ? ನನಗೆ ಹೊಳೆಯುವುದಿಲ್ಲ” ಎಂದು ಕೇಳಿದರು. ನಾನು ಬಾಯಿಗೆ ಬಂದದ್ದು ಹೇಳಿದೆ. ಅವರು ಅದನ್ನೇ ಬರೆದುಕೊಂಡರು. ಮುಂದಿನ ವಾರವೂ ಕೇಳಿದರು. ಹಾಗೆ ಪೊಡಿಯಬ್ಬ ಹುಟ್ಟಿದ್ದು. ಗೆರೆ ಅವರದ್ದು, ಮಾತು ನನ್ನದು.

ತೊಂಬತ್ತೊಂಬತ್ತರಲ್ಲಿ ರಸ್ತೆ ಅಗಲ ಮಾಡುವಾಗ ನನ್ನ ಜಾಗ ಹೋಯಿತು, ಕಾವೂರಿಗೆ ಬಂದೆ. ಮೊಣಕಾಲು ಕೈಕೊಟ್ಟಿತು. ಅಲ್ಲಿಂದ ಎಲ್ಲ ಪೋಸ್ಟಿನಲ್ಲಿ. ಅವರು ಸೋಮವಾರ ಖಾಲಿ ಬಲೂನಿನ ಚಿತ್ರದ ಒಂದು ಝೆರಾಕ್ಸ್ ಕಳಿಸುವುದು, ನಾನು ಮಾತು ಹೇಳಿ ಬರೆಸಿ ಇನ್‌ಲ್ಯಾಂಡ್ ಲೆಟರಿನಲ್ಲಿ ವಾಪಸು ಹಾಕುವುದು. ಪೇಪರ್ ಆಫೀಸಿನಲ್ಲಿ ಕಾಗದ ಕಳೆದುಹೋಗುತ್ತದೆ ಎಂದು ಅವರು ಪಾಂಡೇಶ್ವರದ ಹೆಡ್ ಪೋಸ್ಟಾಫೀಸಿನಲ್ಲಿ ಒಂದು ಅಂಚೆ ಪೆಟ್ಟಿಗೆ ಇಟ್ಟಿದ್ದರು, ನಂಬರ್ 214. ಆ ಹದಿನಾರರ ಝೆರಾಕ್ಸ್ ನನ್ನ ಹತ್ತಿರವೂ ಉಂಟು. ಅವರು ತೀರಿಕೊಂಡ ಮೇಲೂ ವಾರಕ್ಕೊಂದರಂತೆ ಒಂಬತ್ತು ಮಾತು ಅದೇ ಪೆಟ್ಟಿಗೆಗೆ ಕಳಿಸಿದೆ. ಒಂದನ್ನೂ ನೀವು ಹಾಕಲಿಲ್ಲ.

ಓದಿ ಬಿಸಾಡಿದ್ದೀರಿ. ಈಗ ‘ತಂದೆಯ ಇಚ್ಛೆ’ ಎನ್ನುತ್ತೀರಿ.

ಜಮಾಲುದ್ದೀನ್


ಮಣ್ಣಗುಡ್ಡ
2 ಜನವರಿ 2025

ಜಮಾಲುದ್ದೀನ್ ಅವರಿಗೆ,

ಅಪ್ಪನ ಕಪಾಟು, ಫೈಲು, ಬ್ಯಾಂಕ್ ಪಾಸ್‌ಬುಕ್, ಹಳೆಯ ಕರೆಂಟ್ ಬಿಲ್ಲು ಸಹಿತ ಎಲ್ಲ ಹುಡುಕಿದೆ. ಅಂಚೆ ಪೆಟ್ಟಿಗೆಯ ಹೆಸರೂ ಇಲ್ಲ, ನಿಮ್ಮ ಹೆಸರೂ ಇಲ್ಲ. ಅಮ್ಮನನ್ನು ಕೇಳಿದೆ. “ಅವರ ಕಾಗದಪತ್ರದ ವಿಷಯ ನನ್ನತ್ರ ಕೇಳ್ಬೇಡ” ಎಂದು ಎದ್ದು ಹೋದರು. ನಮ್ಮಮ್ಮ ಕುಶಲಾ ಅಂಥ ಹೆಂಗಸಲ್ಲ, ಒಂದು ಕೇಳಿದರೆ ಹತ್ತು ಹೇಳುವವರು.

ಯಾರೋ ಒಬ್ಬರು ಬಂದು ನನ್ನ ತಂದೆಯ ಮೂವತ್ತೊಂದು ವರ್ಷದ ಶನಿವಾರಗಳೆಲ್ಲ ತಮ್ಮವು ಎಂದರೆ ನಾನು ಹೌದು ಎನ್ನಬೇಕೇ? ಅವರು ಬದುಕಿರುವಾಗ ಈ ಮಾತು ಯಾಕೆ ಬರಲಿಲ್ಲ?

ನಿಮ್ಮ ಪತ್ರದಿಂದ ನನಗೆ ಆದ ಉಪಕಾರವನ್ನೂ ಹೇಳುತ್ತೇನೆ. ಪತ್ರಿಕೆಯ ಮ್ಯಾಗಜಿನ್ ವಿಭಾಗದ ಶೆರ್ವಿನ್ ನನ್ನನ್ನು ಕರೆಸಿದರು. “ಎರಡೂ ಕಡೆಯಿಂದ ಫೋನ್ ಬರ್ತಾ ಉಂಟು ಮೋಕ್ಷಾ. ಪೊಡಿಯಬ್ಬ ಯಾಕೆ ಇನ್ನೂ ಇದ್ದಾನೆ ಅಂತ ಒಬ್ಬರು, ಯಾಕೆ ಮಾತಾಡುವುದಿಲ್ಲ ಅಂತ ಇನ್ನೊಬ್ಬರು. ಮಾರ್ಚ್ ಒಳಗೆ ಸರಿ ಮಾಡು, ಇಲ್ಲದಿದ್ದರೆ ಕೊಡೆಯಡಿಯನ್ನೇ ಮುಗಿಸುವ” ಎಂದರು. ಅಪ್ಪ ಜ್ವರದಲ್ಲೂ ಒಂದು ದಿನ ತಪ್ಪಿಸದ ಸ್ಟ್ರಿಪ್ಪು ನನ್ನ ಕೈಯಲ್ಲಿ ಆರು ತಿಂಗಳೂ ನಿಲ್ಲದೆ ಹೋದರೆ ನಾನು ಅಮ್ಮನಿಗೆ ಮುಖ ತೋರಿಸುವುದು ಹೇಗೆ?

ಸಾಕ್ಷಿ ಇದ್ದರೆ ಕೊಡಿ. ನಿಮ್ಮ ಕವರಿನ ಮೇಲೆ ‘ಜಮಾಲುದ್ದೀನ್, ಕಾವೂರು ಪೋಸ್ಟ್’ ಎಂದಷ್ಟೇ ಉಂಟು. ಫೋನ್ ನಂಬರ್ ಕೊಡಿ, ಇಲ್ಲವೇ ಮನೆ ಹೇಳಿ, ನಾನೇ ಬರುತ್ತೇನೆ. ಮಣ್ಣಗುಡ್ಡದಿಂದ ಕಾವೂರಿಗೆ ವಿಮಾನ ಹತ್ತಬೇಕಾಗಿಲ್ಲ.

ಮೋಕ್ಷಾ


ಕಾವೂರು
8 ಜನವರಿ 2025

ಮೋಕ್ಷಾ ಅವರಿಗೆ,

ನಂಬರ್ ಕೊಡುವುದಿಲ್ಲ. ಇವತ್ತು ಫೋನಿನಲ್ಲಿ ಆಡಿದ್ದು ನಾಳೆ ಊರಿಡೀ ವಾಟ್ಸಾಪಿನಲ್ಲಿ ಓಡುತ್ತದೆ. ಮನೆಗೂ ಬರುವುದು ಬೇಡ.

ಸಾಕ್ಷಿ ಕೇಳಿದಿರಿ. ಹದಿನಾರನೇ ಚಿತ್ರ ಇನ್ನೂ ಅಚ್ಚಾಗಿಲ್ಲ, ಜನವರಿ 25ಕ್ಕೆ ಬರಬೇಕಾದದ್ದು. ಅದರಲ್ಲಿ ಸೀನಣ್ಣ ಬಸ್ಸಿನ ಒಳಗೆ ಕೊಡೆ ಬಿಡಿಸಿ ನಿಂತಿದ್ದಾನೆ. ಹಿಂದಿನ ಸೀಟಿನ ಹೆಂಗಸು ಮುಖಕ್ಕೆ ಬುಟ್ಟಿ ಅಡ್ಡ ಹಿಡಿದಿದ್ದಾಳೆ. ಕಂಡಕ್ಟರ್, “ಒಳಗೆ ಎಂತ ಮಳೆ ಉಂಟಾ?” ಎಂದು ಕೇಳುತ್ತಾನೆ. ಪೊಡಿಯಬ್ಬ ಕಿಟಕಿಯ ಪಕ್ಕ ಕೂತಿದ್ದಾನೆ, ಬಲೂನ್ ಖಾಲಿ. ಹೌದೋ ಅಲ್ಲವೋ ನೀವೇ ನೋಡಿ.

ಮಾತು ಹೇಳುವುದಿಲ್ಲ. ಹೇಳಿದರೆ ಅದನ್ನು ಹಾಕಿ ನಿಮ್ಮದೇ ಎನ್ನುತ್ತೀರಿ ಎಂಬ ಸಂಶಯ ನನಗುಂಟು.

ಜಮಾಲುದ್ದೀನ್


ಮಣ್ಣಗುಡ್ಡ
22 ಜನವರಿ 2025

ಜಮಾಲುದ್ದೀನ್ ಅವರಿಗೆ,

ನಿಮ್ಮ ಪತ್ರ ಓದಿ ಮೊದಲು ಹೆದರಿದೆ. ಬುಟ್ಟಿ ಅಡ್ಡ ಹಿಡಿದ ಹೆಂಗಸನ್ನು ನಾನು, ಅಪ್ಪ ಬಿಟ್ಟರೆ ಯಾರೂ ನೋಡಿಲ್ಲ. ನಮ್ಮ ಮನೆಯೊಳಗೆ ಯಾರು ಬಂದಿದ್ದರು ಎಂದು ಎರಡು ದಿನ ಎಲ್ಲರ ಮೇಲೆ ಗುಮಾನಿಪಟ್ಟೆ. ಗ್ಯಾಸ್ ತರುವವನನ್ನೂ ಬಿಡಲಿಲ್ಲ.

ಆಮೇಲೆ ಅಪ್ಪನ ಸ್ಕೂಟರ್ ಮಾರಲೆಂದು ಕೀಗೊಂಚಲು ತೆಗೆದೆ. ಅದರಲ್ಲಿ ಸ್ಕೂಟರಿನದಲ್ಲದ ಒಂದು ಸಣ್ಣ ಹಿತ್ತಾಳೆ ಕೀ ಇತ್ತು. ಪಾಂಡೇಶ್ವರಕ್ಕೆ ಹೋದೆ. 214ಕ್ಕೆ ಹಾಕಿ ತಿರುಗಿಸಿದೆ, ತೆರೆಯಿತು.

ಹತ್ತು ಕಾಗದ. ಪೋಸ್ಟಾಫೀಸಿನ ಮೆಟ್ಟಿಲಿನಲ್ಲೇ ಕೂತು ಓದಿದೆ. ಮೊದಲನೆಯದು ‘ದುಗ್ಗಪ್ಪರ ಮನೆಯವರಿಗೆ’ ಎಂದು ಇತ್ತು. ಅಪ್ಪ ಹೋದ ಮೇಲೆ ನಮಗೆ ಬಂದ ಸಾಂತ್ವನದ ಮಾತುಗಳಲ್ಲಿ ಅಷ್ಟು ಒಳ್ಳೆಯದು ಬೇರೆ ಇರಲಿಲ್ಲ, ಅದನ್ನು ನಾನು ಮೂರೂವರೆ ತಿಂಗಳು ತಡವಾಗಿ ಓದಿದೆ. ಉಳಿದ ಒಂಬತ್ತು ಓದುವಾಗ ಪೊಡಿಯಬ್ಬ ಪಕ್ಕದಲ್ಲೇ ಕೂತಂತೆ ಆಯಿತು. ನನಗೆ ನಗು ಬಂತು, ಅಳುವೂ ಬಂತು. ನಿಮ್ಮ ಮೇಲೆ ಸಂಶಯಪಟ್ಟದ್ದಕ್ಕೆ ನಾಚಿಕೆಯಾಗುತ್ತದೆ.

ನಾನು ಮುಚ್ಚಿಟ್ಟದ್ದನ್ನೂ ಹೇಳುತ್ತೇನೆ. ‘ಅಪ್ಪನ ಇಚ್ಛೆ’ ಎಂದದ್ದು ಸುಳ್ಳು. ಪೊಡಿಯಬ್ಬನ ಮಾತು ಬರೆಯಲು ಕೂತರೆ ನನಗೆ ಒಂದೂ ಬರುತ್ತಿರಲಿಲ್ಲ. ಬಲೂನ್ ಅಳಿಸಿದರೆ ಅವನು ಬಾಯಿ ತೆರೆದುಕೊಂಡು ಪೆದ್ದನ ಹಾಗೆ ಕಾಣುತ್ತಿದ್ದ. ಅದಕ್ಕೆ ಬೆನ್ನು ತಿರುಗಿಸಿದೆ. ಅವಮಾನ ಮಾಡಬಾರದು ಎಂದು ಮಾಡಿದ್ದು ಅವಮಾನವೇ ಆಯಿತು.

ಹದಿನಾರನೆಯದರ ಮಾತು ಕಳಿಸುತ್ತೀರಾ? ಫೆಬ್ರವರಿ ಒಂದಕ್ಕೆ ಹಾಕುತ್ತೇನೆ. ಇನ್ನೊಂದು ಕೇಳಲಿಕ್ಕುಂಟು. ಸಣ್ಣದಿರುವಾಗ ಅಪ್ಪನ ಜೊತೆ ಹಂಪನಕಟ್ಟೆಗೆ ಬಂದಾಗ ಒಬ್ಬ ಕೊಡೆಯವರು ನನಗೆ ಒಂದು ಆಟದ ಸಾಮಾನು ಮಾಡಿ ಕೊಟ್ಟಿದ್ದರು. ಅದು ನೀವೇಯಾ? ಎಂತ ಮಾಡಿ ಕೊಟ್ಟದ್ದೆಂದು ನೆನಪುಂಟಾ?

ಮೋಕ್ಷಾ


ಕಾವೂರು
27 ಜನವರಿ 2025

ಮೋಕ್ಷಾ,

ಮಾತು ಇಷ್ಟು: “ನಿನ್ನೆ ನಾನೇ ರಿಪೇರಿ ಮಾಡಿದ ಕೊಡೆ. ಸರಿ ಆಗಿದೆಯಾ ಅಂತ ನೋಡುವುದು. ನನ್ನ ಮೇಲೆ ಅಷ್ಟು ನಂಬಿಕೆ.”

ನಿಮ್ಮ ಕಾಗದ ಓದಿ ಮನಸ್ಸು ಹಗುರವಾಯಿತು. ಮುಖ ತಿರುಗಿಸಿ ಕೂರಿಸಿ, ಸಾಕು.

ಹಳೆಯದೆಲ್ಲ ಈಗ ಅಷ್ಟು ನೆನಪಿಲ್ಲ. ಕಾಲಿನ ನೋವು ಉಂಟು, ಬರುವುದು ಬೇಡ.

ಜಮಾಲುದ್ದೀನ್


ಮಣ್ಣಗುಡ್ಡ
19 ಫೆಬ್ರವರಿ 2025

ಜಮಾಲುದ್ದೀನ್ ಎಂಬ ಹೆಸರಿನಲ್ಲಿ ಬರೆಯುತ್ತಿರುವವರಿಗೆ,

ಫೆಬ್ರವರಿ ಒಂದರ ಪೊಡಿಯಬ್ಬನನ್ನು ಜನ ಮೆಚ್ಚಿದರು. ಶೆರ್ವಿನ್ ಕೂಡ ನಕ್ಕರು. ಆದರೆ ನಿಮ್ಮ ‘ನೆನಪಿಲ್ಲ’ ಎಂಬ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಕೊಡೆಯ ಕಡ್ಡಿ ಬಗ್ಗಿಸಿ ನನಗೆ ಒಂದು ಬಿಲ್ಲು ಮಾಡಿ ಕೊಟ್ಟಿದ್ದರು ಆ ಮನುಷ್ಯ. ಮಕ್ಕಳಿಗೆ ಹಾಗೆ ಮಾಡಿ ಕೊಡುವವರು ಮರೆಯುತ್ತಾರೆಯೇ?

ಅಪ್ಪನ ಒರಿಜಿನಲ್ ಚಿತ್ರಗಳ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದೆ. 25 ಜೂನ್ 2011ರ ಶನಿವಾರದ ಚಿತ್ರದ ಹಿಂದೆ ನಮ್ಮದೇ ಪೇಪರಿನ ನಿಧನ ಕಾಲಮ್ಮಿನ ಒಂದು ತುಂಡು ಅಂಟಿಸಿದ್ದರು. ‘ಕಾವೂರಿನ ನಿವಾಸಿ, ಹಂಪನಕಟ್ಟೆಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ಜಮಾಲುದ್ದೀನ್ (68) ಜೂನ್ 14ರಂದು ನಿಧನರಾದರು.’ ಪತ್ರಿಕೆಯ ದಿನಾಂಕ ಜೂನ್ 16.

ಹದಿಮೂರು ವರ್ಷದ ಹಿಂದೆ ತೀರಿಕೊಂಡವರು ನನಗೆ ಕಾಗದ ಬರೆಯುತ್ತಿದ್ದಾರೆ. ಮೊಣಕಾಲು ನೋವು ಎನ್ನುತ್ತಾರೆ.

ಆಮೇಲೆ ಅಪ್ಪನ ಕೆಲಸದ ಡೈರಿಗಳನ್ನು ನೋಡಿದೆ. ಅವನ್ನು ಅಮ್ಮ ತನ್ನ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡಿದ್ದರು. 2011ರ ಜೂನ್ 13ರ ತನಕ ಪ್ರತಿ ಸೋಮವಾರ ‘ಜಮಾಲ್‌ಗೆ ಕಳಿಸಿದೆ’ ಎಂದು ಉಂಟು. ಜೂನ್ 20ರಿಂದ ಕೊನೆಯ ಡೈರಿಯವರೆಗೆ ಪ್ರತಿ ಸೋಮವಾರ ‘ಝೈನಬ್‌ಗೆ ಕಳಿಸಿದೆ’ ಎಂದು ಉಂಟು. ನಿಮ್ಮ ಕಾಗದಗಳನ್ನು ಅಮ್ಮನ ಎದುರು ಇಟ್ಟೆ. ಅಮ್ಮ ಮುಟ್ಟಲಿಲ್ಲ. ದೂರದಿಂದಲೇ ನೋಡಿ, “ಹೆಂಗಸಿನ ಅಕ್ಷರ” ಎಂದರು. ಆ ಡೈರಿ ಅವರು ಆವಾಗಲೇ ನೋಡಿದ್ದರಂತೆ. ಅಪ್ಪನನ್ನು ಒಂದು ಮಾತು ಕೇಳಲಿಲ್ಲವಂತೆ. ಅಪ್ಪನ ಡ್ರಾಯಿಂಗ್ ಟೇಬಲ್ಲಿಗೆ ಸಂಜೆ ಚಹಾ ಕೊಂಡುಹೋಗಿ ಇಡುವುದನ್ನು ಮಾತ್ರ ಆ ವಾರದಿಂದ ಬಿಟ್ಟರಂತೆ. ಅಪ್ಪ ತಾವೇ ಅಡುಗೆಮನೆಗೆ ಬಂದು ಚಹಾ ಮಾಡಿಕೊಳ್ಳುವುದನ್ನು ನಾನು ಇಷ್ಟು ವರ್ಷ ನೋಡಿದ್ದೆ, ಕಾರಣ ಈಗ ಗೊತ್ತಾಯಿತು.

ಝೈನಬ್ ಯಾರು? ನನ್ನ ತಂದೆಗೆ ಏನಾಗಬೇಕು? ಸತ್ತವರ ಹೆಸರನ್ನು ಅಡ್ಡ ಇಟ್ಟುಕೊಂಡು ಅವರಿಗೆ ಕಾಗದ ಬರೆಯುವ ಅಗತ್ಯ ಏನಿತ್ತು? ಇದಕ್ಕೆ ಉತ್ತರ ಬಾರದೆ ಪೊಡಿಯಬ್ಬ ಇನ್ನು ಮಾತಾಡುವುದಿಲ್ಲ. ಸ್ಟ್ರಿಪ್ಪು ನಿಂತುಹೋದರೆ ಹೋಗಲಿ.

ಮೋಕ್ಷಾ


ಕಾವೂರು
10 ಮಾರ್ಚ್ 2025

ಮೋಕ್ಷಾ,

ಇಷ್ಟು ದಿನ ಬರೆಯಲಿಲ್ಲ. ಮೊದಲು ಸಿಟ್ಟಿನಲ್ಲಿ, ಆಮೇಲೆ ಬೇರೆ ಕಾರಣಕ್ಕೆ. ರಂಜಾನಿನ ನೋಂಬಿನ ತಿಂಗಳು, ಸುಳ್ಳು ಬರೆಯಬಾರದು.

ಝೈನಬ್ ನಾನು. ಜಮಾಲುದ್ದೀನರ ಮಗಳು. ನಲವತ್ತಾರು ವರ್ಷ, ಕಾವೂರು ಕೆರೆಯ ಹತ್ತಿರ ಟೈಲರಿಂಗ್ ಮಾಡುತ್ತೇನೆ. ನಿಮ್ಮ ತಂದೆ ನನಗೆ ಏನಾಗಬೇಕು ಎಂದು ಕೇಳಿದಿರಿ. ಆ ಪ್ರಶ್ನೆಗೆ ನಾನು ಹರಿದು ಹಾಕಿದ ಉತ್ತರಗಳು ಮೂರು. ನಿಮ್ಮ ಅಮ್ಮನ ಮುಖ ನೋಡಿ ಇದನ್ನು ಬರೆಯುತ್ತಿದ್ದೇನೆ.

ತಂದೆಗೆ, ನಮ್ಮ ಮಾತಿನಲ್ಲಿ ಉಪ್ಪನಿಗೆ, ಕನ್ನಡ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಸೂಜಿ-ನೂಲು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವರದ್ದು. ಹಲ್ಲಿನ ಸಂದಿಯಿಂದ ಬರುವ ಆ ಮಾತು ಗಿರಾಕಿಗಳಿಗೆ ಅರ್ಧ ತಿಳಿಯುತ್ತಿರಲಿಲ್ಲ, ನನಗೆ ಪೂರ್ತಿ ತಿಳಿಯುತ್ತಿತ್ತು. ಕಾವೂರಿಗೆ ಬಂದ ಮೇಲಿನ ಎಲ್ಲ ಕಾಗದಗಳೂ ನನ್ನ ಅಕ್ಷರವೇ. ಅವರು ಹೇಳುವುದು, ನಾನು ಬರೆಯುವುದು.

ಉಪ್ಪ ಹೋದದ್ದು ಮಂಗಳವಾರ. ಬುಧವಾರ ಪೋಸ್ಟ್‌ಮ್ಯಾನ್ ಆ ವಾರದ ಚಿತ್ರ ತಂದ. ಮನೆ ತುಂಬ ಜನ. ನಾನು ಒಳಗಿನ ಕೋಣೆಗೆ ಹೋಗಿ ಅದನ್ನು ಒಡೆದೆ. ಸೀನಣ್ಣ ಕೇಳುತ್ತಿದ್ದ, “ಈ ಕೊಡೆ ಎಷ್ಟು ವರ್ಷ ಬಾಳಬಹುದು ಬ್ಯಾರಿಗಳೇ?” ಉಪ್ಪ ಎಂತ ಹೇಳುತ್ತಿದ್ದರೆಂದು ನನಗೆ ಕಿವಿಯಲ್ಲೇ ಕೇಳಿಸಿತು. ‘ಮಳೆ ಬಾರದಿದ್ದರೆ ತುಂಬ ವರ್ಷ’ ಎಂದು ಬರೆದು, ಉಪ್ಪನ ಹೆಸರು ಹಾಕಿ, ಗುರುವಾರ ಪೋಸ್ಟ್ ಮಾಡಿಸಿದೆ. ಅದು ಒಂದು ವಾರದ್ದು ಎಂದುಕೊಂಡಿದ್ದೆ. ಮುಂದಿನ ವಾರವೂ ಚಿತ್ರ ಬಂತು. ಉಪ್ಪ ಇಲ್ಲ ಎಂದು ಹೇಳಿದರೆ ನಿಮ್ಮ ತಂದೆ ಪೊಡಿಯಬ್ಬನನ್ನು ನಿಲ್ಲಿಸುತ್ತಾರೆ ಎಂದು ನನಗೆ ಭಯ. ವಾರದಲ್ಲಿ ಒಂದು ದಿನವಾದರೂ ಉಪ್ಪ ಮಾತಾಡಲಿ ಎಂದು ಆಸೆ. ಪೇಪರಿನಲ್ಲಿ ನಿಧನದ ಸುದ್ದಿ ಬಂದದ್ದು ನಿಮ್ಮ ಕಾಗದದಿಂದಲೇ ನನಗೆ ಗೊತ್ತಾದದ್ದು. ಮಸೀದಿಯವರು ಕೊಟ್ಟಿರಬೇಕು.

ನನ್ನನ್ನು ಸುಳ್ಳಿ ಎನ್ನಿ, ಒಪ್ಪುತ್ತೇನೆ. ಆದರೆ ನೀವು ದಿನಾಲೂ ಚಿತ್ರದ ಕೆಳಗೆ ‘ದುಗ್ಗ’ ಎಂದು ಬರೆಯುತ್ತೀರಲ್ಲ, ಅದು ಯಾರ ಕೈ? ನಾನು ಮಾಡಿದ್ದಕ್ಕೂ ನೀವು ಮಾಡುವುದಕ್ಕೂ ಎಷ್ಟು ದೂರ ಉಂಟು ಹೇಳಿ.

ಸಿಟ್ಟಿನ ಮಾತು ಅಲ್ಲಿಗೆ ಮುಗಿಯಿತು. ಬೇರೆ ಕಾರಣ ಎಂದೆನಲ್ಲ, ಅದನ್ನು ಹೇಳುತ್ತೇನೆ. ನಿಮ್ಮ ಕಾಗದದ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಜೂನ್ 20, ಸೋಮವಾರ, ‘ಝೈನಬ್‌ಗೆ ಕಳಿಸಿದೆ.’

ನಿಮ್ಮ ತಂದೆ ಪ್ರತಿ ಚಿತ್ರದ ಜೊತೆ ಎರಡು ಸಾಲು ಬರೆಯುತ್ತಿದ್ದರು. ‘ಜಮಾಲ್, ಮೊಣಕಾಲು ಹೇಗುಂಟು? ಎಣ್ಣೆ ಹಚ್ಚಿದಿರಾ?’ ಹನ್ನೆರಡು ವರ್ಷ ಒಂದು ವಾರ ತಪ್ಪದೆ ಕೇಳಿದವರು, ಆ ಜೂನಿನ ನಂತರ ಒಮ್ಮೆಯೂ ಕೇಳಲಿಲ್ಲ. ಕಾಗದಗಳೆಲ್ಲ ನನ್ನ ಹತ್ತಿರ ಉಂಟು, ತೆಗೆದು ನೋಡಿದೆ. ಮೊದಲು ಹಬ್ಬಕ್ಕೆ ತಪ್ಪದೆ ಮನೆಗೆ ಬಂದು ಒಂದು ತಟ್ಟೆ ಊಟ ಮಾಡಿ ಹೋಗುತ್ತಿದ್ದರು. ಆ ವರ್ಷದಿಂದ ಬರುವುದನ್ನೂ ಬಿಟ್ಟರು. ಊರಿನ ಗಾಳಿ ಇವರಿಗೂ ತಾಗಿತು, ಇವರೂ ಎಲ್ಲರ ಹಾಗೆ ಆದರು ಎಂದು ನಾನು ಹದಿಮೂರು ವರ್ಷ ಒಳಗೊಳಗೇ ಅವರನ್ನು ಬೈದುಕೊಂಡೆ. ಬಂದಿದ್ದರೆ ನನ್ನ ಗುಟ್ಟು ಹೊರಬೀಳುತ್ತಿತ್ತು, ಹಾಗಾಗಿ ಬಾರದ್ದು ಒಳ್ಳೆಯದಾಯಿತು ಎಂತಲೂ ಅಂದುಕೊಂಡೆ.

ಅವರಿಗೆ ಗೊತ್ತಿತ್ತು ಮೋಕ್ಷಾ. ಮೊದಲ ವಾರದಿಂದಲೇ ಗೊತ್ತಿತ್ತು. ಸತ್ತವರ ಹೆಸರಿನಲ್ಲಿ ಗುರುವಾರ ಪೋಸ್ಟಾದ ಕಾಗದ ಬಂದಾಗ ಬರೆದವಳು ಯಾರೆಂದು ಅವರಿಗೆ ತಿಳಿಯಿತು. ಗೊತ್ತುಂಟು ಎಂದು ಹೇಳಿದರೆ ನಾನು ನಿಲ್ಲಿಸುತ್ತೇನೆ ಎಂದು ಅವರಿಗೆ ಭಯವಿದ್ದಿರಬೇಕು. ಅದಕ್ಕೆ ಮೊಣಕಾಲು ಕೇಳಲಿಲ್ಲ, ಹಬ್ಬಕ್ಕೆ ಬರಲಿಲ್ಲ. ನನ್ನ ಹೆಸರನ್ನು ತಮ್ಮ ಡೈರಿಯಲ್ಲಿ ಮಾತ್ರ ಬರೆದಿಟ್ಟರು. ಅದು ನಿಮ್ಮ ಮನೆಯಲ್ಲಿ ಇಷ್ಟು ನೋವು ಮಾಡುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬಿಲ್ಲಿನ ವಿಷಯ. ಕೊಡೆಯ ಕಡ್ಡಿಯ ಬಿಲ್ಲು ಉಪ್ಪ ನನಗೂ ಒಂದು ಮಾಡಿ ಕೊಟ್ಟಿದ್ದರು. ನಿಮಗೂ ಅದೇ ಇರಬೇಕು ಎಂದು ಊಹಿಸಿದ್ದೆ. ತಪ್ಪಿದರೆ ಸಿಕ್ಕಿಬೀಳುತ್ತೇನೆ ಎಂದು ಬರೆಯಲಿಲ್ಲ.

ಝೈನಬ್


ಮಣ್ಣಗುಡ್ಡ
20 ಮಾರ್ಚ್ 2025

ಝೈನಬಕ್ಕ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ನಾನು ಓದುವಾಗ ಅವರು ಬೀನ್ಸ್ ಮುರಿಯುತ್ತಿದ್ದರು. ಮೊಣಕಾಲಿನ ಭಾಗ ಬಂದಾಗ ಕೈ ನಿಂತಿತು. ಪೂರ್ತಿ ಆದ ಮೇಲೆ, “ಒಂದು ಮಾತು ಕೇಳ್ಬಹುದಿತ್ತು ನಾನು” ಎಂದರು. ಮತ್ತೆ, “ಅವರಾದ್ರೂ ಹೇಳ್ಬಹುದಿತ್ತು” ಎಂದರು. ಸಂಜೆ ನೋಡಿದರೆ ಡ್ರಾಯಿಂಗ್ ಟೇಬಲ್ಲಿನ ಮೇಲೆ ಚಹಾ ಇತ್ತು. ನಾನು ಚಹಾ ಕುಡಿಯುವುದಿಲ್ಲ ಎಂದು ಅವರಿಗೆ ಗೊತ್ತುಂಟು. ಆದರೂ ಕುಡಿದೆ.

ನಿಮ್ಮನ್ನು ಅಷ್ಟು ಕೆಟ್ಟದಾಗಿ ಕೇಳಿದ್ದಕ್ಕೆ ಕ್ಷಮಿಸಿ. ಆ ಕೊಳಕು ನಿಮ್ಮದಲ್ಲ, ನನ್ನ ತಲೆಯದ್ದು.

ಸಹಿಯ ಬಗ್ಗೆ ನೀವು ಹೇಳಿದ್ದು ನನಗೆ ತಾಗಿತು. ನಿಜ ಹೇಳಬೇಕೆಂದರೆ ಪತ್ರಿಕೆ ಒಮ್ಮೆ ಹೇಳಿತ್ತು, ನಾನು ಎರಡನೇ ಸಲ ಕೇಳಲೇ ಇಲ್ಲ. ‘ದುಗ್ಗ’ ಎಂದು ಬರೆದರೆ ಕೆಟ್ಟ ದಿನದ ಚಿತ್ರಕ್ಕೂ ಅಪ್ಪನೇ ಜವಾಬ್ದಾರಿ. ನನಗೆ ಅದು ಆರಾಮವಾಗಿತ್ತು.

ಶೆರ್ವಿನ್ ಹತ್ತಿರ ಎಲ್ಲ ಹೇಳಿದೆ. ನಿಮ್ಮನ್ನು ಕೇಳದೆ ಹೇಳಿದ್ದಕ್ಕೂ ಕ್ಷಮಿಸಿ, ನಿಮ್ಮ ಹೆಸರು ಮಾತ್ರ ಹೇಳಿಲ್ಲ. ಅವರು, “ಮಾರ್ಚ್ 29ರ ಶನಿವಾರ ಕೊನೆಯ ಛಾನ್ಸ್. ಪೊಡಿಯಬ್ಬ ಇಷ್ಟು ದಿನ ಯಾಕೆ ಮಾತಾಡಲಿಲ್ಲ ಅಂತ ಅವನೇ ಹೇಳ್ಬೇಕು. ಜನ ಒಪ್ಪಿದ್ರೆ ಮುಂದುವರಿಸುವ, ಇಲ್ಲದಿದ್ದರೆ ಅಲ್ಲಿಗೇ ಮುಗಿಸುವ. ಭಾಷಣ ಮಾತ್ರ ಬೇಡ” ಎಂದರು.

ನಾಲ್ಕು ದಿನದಿಂದ ಬರೆದು ಹರಿಯುತ್ತಿದ್ದೇನೆ. ನನಗೆ ಬರುವುದೆಲ್ಲ ಭಾಷಣವೇ. ಅಪ್ಪ ನಿಮ್ಮಪ್ಪನ ಹತ್ತಿರ ಯಾಕೆ ಕೇಳಿದರೆಂದು ಈಗ ಚೆನ್ನಾಗಿ ಅರ್ಥವಾಗುತ್ತದೆ.

ಚಿತ್ರದ ಝೆರಾಕ್ಸ್ ಇದರೊಳಗೆ ಇಟ್ಟಿದ್ದೇನೆ. ಇದು ಅಪ್ಪನ ಪೆನ್ಸಿಲ್ ಅಲ್ಲ, ಸುರುವಿನಿಂದ ನನ್ನದೇ. ಪೊಡಿಯಬ್ಬ ನಮ್ಮ ಕಡೆ ತಿರುಗಿ ಕೂತಿದ್ದಾನೆ, ಮಡಿಲಲ್ಲಿ ಹೊಲಿದು ಮುಗಿಸಿದ ಕೊಡೆ. ಸೀನಣ್ಣ ಕೇಳುತ್ತಾನೆ, “ಎಂತ ಬ್ಯಾರಿಗಳೇ, ಐದಾರು ತಿಂಗಳಲ್ಲಿ ಒಂದು ಸಲ ಬಿಟ್ಟರೆ ಮಾತೇ ಇಲ್ಲ?” ಬಲೂನ್ ಖಾಲಿ ಬಿಟ್ಟಿದ್ದೇನೆ. ಗುರುವಾರದ ಒಳಗೆ ನನಗೆ ಬೇಕು. ಕೆಳಗೆ ಸಹಿಯ ಜಾಗವನ್ನೂ ಖಾಲಿ ಬಿಟ್ಟಿದ್ದೇನೆ. ನೀವು ನಿಮ್ಮ ಹೆಸರು ಕೊಟ್ಟರೆ ಪಕ್ಕದಲ್ಲಿ ನನ್ನದನ್ನು ಬರೆಯುತ್ತೇನೆ.

ನಿಮ್ಮ ಮೋಕ್ಷಾ


ಕಾವೂರು
24 ಮಾರ್ಚ್ 2025

ಮೋಕ್ಷಾ,

ಚಿತ್ರ ಬಂತು. ಪೊಡಿಯಬ್ಬನ ಮೂಗು ಸ್ವಲ್ಪ ಉದ್ದವಾಯಿತು, ಉಪ್ಪನದ್ದು ಅಷ್ಟಿರಲಿಲ್ಲ. ಆದರೆ ಕಣ್ಣು ಅವರದ್ದೇ. ಅದನ್ನು ನೀವು ಎಲ್ಲಿ ನೋಡಿದಿರೋ ಗೊತ್ತಿಲ್ಲ.

ಹೆಸರಿನ ವಿಷಯ. ಮೊದಲು ನೀವು ನಿಮ್ಮದನ್ನು ಹಾಕಿ. ಶನಿವಾರ ಪೇಪರಿನಲ್ಲಿ ಕಣ್ಣಾರೆ ನೋಡಿದ ಮೇಲೆ ನನ್ನದನ್ನು ಕೊಡುತ್ತೇನೆ. ಪೇಪರಿನವರ ಮೇಲೆ ನನಗೆ ಇನ್ನೂ ಪೂರ್ತಿ ನಂಬಿಕೆಯಿಲ್ಲ, ನಿಮ್ಮ ಮೇಲೆ ಉಂಟು.

ಬರುವ ಸೋಮವಾರ ಹಬ್ಬ ಆಗಬಹುದು. ಹದಿಮೂರು ವರ್ಷದಿಂದ ನಿಮ್ಮ ತಂದೆಗೆಂದು ಒಂದು ತಟ್ಟೆ ತೆಗೆದಿಟ್ಟು, ಮಧ್ಯಾಹ್ನ ಮೂರು ಗಂಟೆಗೆ ಬೈದುಕೊಂಡು ಬೇರೆಯವರಿಗೆ ಕೊಡುತ್ತಿದ್ದೆ. ಈ ಸಲ ಎರಡು ತಟ್ಟೆ ತೆಗೆದಿಡುತ್ತೇನೆ. ಅಮ್ಮನನ್ನು ಕರೆದುಕೊಂಡು ಬನ್ನಿ. ಕಾವೂರಿನಲ್ಲಿ ಇಳಿದು ಕೆರೆಯ ಹತ್ತಿರ ಟೈಲರ್ ಝೈನಬ್ ಎಂದು ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ.

ಪೊಡಿಯಬ್ಬ ಹೇಳುವುದು ಇಷ್ಟು:

“ಮಾತಾಡುವುದು ಹೇಗೆ ಮಾರಾಯ್ರೆ? ಸೂಜಿ ಬಾಯಲ್ಲಿತ್ತು.”

ಝೈನಬ್